ಮರಳಿ ದೊರೆತ ಪುಟಗಳು

ನಮ್ಮ ತೀರ್ಥರೂಪರು ಕಾಶೀಯಾತ್ರೆಯಿಂದ ಹಿಂದಿರುಗಿದ ಮೇಲೆ ಬರೆದಿಟ್ಟಿದ್ದ ದಿನಚರಿಯೊಂದು ಮನೆಯಲ್ಲಿದ್ದಿತು. 2002ರಲ್ಲಿ ನಮ್ಮ ತಮ್ಮನು ಅದನ್ನು ಗಣಕಯಂತ್ರದಲ್ಲಿ ಬೆರಳಚ್ಚುಮಾಡಿ, ಹಣ ತೆಗೆದುಕೊಳ್ಳದೆ ಸ್ಥಳ ಕೊಡುತ್ತಿದ್ದ ಒಂದು ಜಾಲತಾಣದಲ್ಲಿ ಏರಿಸಿದನು. ಇನ್ನು ಇದಕ್ಕೆ ಗೆದ್ದಲಿನ ಭಯವಿಲ್ಲವೆಂದು ಹಿಗ್ಗಿ, ಮೂಲಪ್ರತಿಯನ್ನು ಅಟ್ಟದ ಮೇಲಿರಿಸಿ ನಾವು ಮರೆತೆವು. ಗೆದ್ದಲು ಮರೆಯಲಿಲ್ಲ.

ಕೆಲವು ವರ್ಷಗಳಾದ ಮೇಲೆ ಆ ತಾಣದವರೂ ಬಾಗಿಲು ಮುಚ್ಚಿದರು. ತೀರ್ಥರೂಪರು ಆ ವೇಳೆಗೆ ಇರಲಿಲ್ಲ. "ಅವರು ಬರೆದದ್ದನ್ನು ಒಂದಿಷ್ಟು ಓದಪ್ಪ, ಕೇಳೋಣ" ಎಂದು ತಾಯಿಯವರು ಅಪೇಕ್ಷಿಸಿದ ದಿನ ನಮಗೆ ತಲೆಯೆತ್ತಲಾಗಲಿಲ್ಲ.

ಈ ನಷ್ಟವು ನಮ್ಮೊಬ್ಬರದೇ ಅಲ್ಲ. ಜಿಯೋಸಿಟೀಸ್ ಎಂಬ ತಾಣವನ್ನು ಯಾಹೂ ಸಂಸ್ಥೆಯು 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮುಚ್ಚಿದಾಗ, ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರು ಅವಸರದಿಂದ ಪ್ರತಿಮಾಡಿಕೊಂಡು ಉಳಿದಷ್ಟನ್ನು ಉಳಿಸಿದರು.

ಬ್ರೂಸ್ಟರ್ ಕಾಹ್ಲ್ ಎಂಬವರು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರವು ಜಗತ್ತಿನ ಜಾಲಪುಟಗಳ ನಕಲನ್ನು ಆಗಾಗ ತೆಗೆದಿರಿಸುತ್ತದೆ. 2001ರಿಂದ ವೇಬ್ಯಾಕ್ ಮೆಷಿನ್ ಎಂಬುದರ ಮೂಲಕ ಅದನ್ನು ಯಾರು ಬೇಕಾದರೂ ನೋಡಬಹುದು, ಹಣ ಕೊಡಬೇಕಾದುದಿಲ್ಲ. ಇಂದು ಇರುವ ಪುಟದ ವಿಳಾಸವನ್ನು ನಾವೇ ಒಪ್ಪಿಸಿ ಪ್ರತಿ ತೆಗೆಸುವುದಕ್ಕೂ ಅಲ್ಲಿ ಅನುಕೂಲವಿದೆ. ಇದನ್ನು ವಾಚಕರು ಗಮನಿಸಬೇಕು. ಆದರೆ ಹಳೆಯ ಪುಟವನ್ನು ಪಡೆಯಲು ಅದರ ವಿಳಾಸ ಬೇಕಷ್ಟೆ. ಅದು ದೊರೆತುದೆಲ್ಲಿ? ತಮ್ಮನು ಸೋದರತ್ತೆಗೆ ಬರೆದಿದ್ದ ಅಂಚೆಯ ಕಾರ್ಡಿನಲ್ಲಿ! ಅವರ ಮನೆಯಲ್ಲಿ ಕಾಗದಗಳನ್ನು ಪೋಣಿಸುವ ತಂತಿಯಲ್ಲಿ ಅದು ಅಷ್ಟು ವರ್ಷವೂ ನೇತಾಡುತ್ತಿದ್ದಿತು.

ಪುಟವು ತೆರೆಯಿತು, ಕನ್ನಡವು ಕಾಣಲಿಲ್ಲ. ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸುಮೇಲೋಗರವಾಗಿದ್ದವು. ಆ ಕಾಲದ ಅನೇಕ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಬರಿಯ ಗೊಂದಲ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಬಚ್ಚಿಟ್ಟದ್ದು ಉಳಿಯುವುದು ಒಂದು, ಅದನ್ನು ಓದಲಾಗುವುದು ಮತ್ತೊಂದು ಎಂದು ನಮಗೆ ಅಂದು ತಿಳಿಯಿತು. ಹಳೆಯ ಸಂಕೇತವನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳಿರುವುದನ್ನು ತಮ್ಮನ ಮಗಳು ಕಂಡುಹಿಡಿದು, ಒಂದು ಸಂಜೆಯಲ್ಲಿ ಕೆಲಸವನ್ನು ಮುಗಿಸಿದಳು. ಒತ್ತಕ್ಷರಗಳು ಕೆಲವೆಡೆ ಕೆಟ್ಟಿದ್ದವು, ಭಾವಚಿತ್ರಗಳು ಬಂದಿರಲಿಲ್ಲ. ಹದಿನಾಲ್ಕು ಪುಟಗಳಲ್ಲಿ ಒಂಬತ್ತು ಮಾತ್ರ ಸಿಕ್ಕಿದವು.

ಅಂದು ರಾತ್ರಿ ತಾಯಿಯವರಿಗೆ ಓದಿ ಹೇಳಿದೆವು. ಪ್ರಯಾಗದವರೆಗೆ ಬಂದು ನಿಲ್ಲಿಸಿ, ಗಯೆಯ ವೃತ್ತಾಂತವು ಹೋಗಿಬಿಟ್ಟಿದೆಯೆಂದು ಅಳುಕುತ್ತ ತಿಳಿಸಿದೆವು.

"ಅಲ್ಲಿಗೆ ನಾನೂ ಹೋಗಿದ್ದೆನಲ್ಲ, ಬರೆದುಕೊ" ಎಂದರು.