ಒಂದು ಪಿನ್ನು

ಒಮ್ಮೆ ತೊಗರಿ ಒಣಗಿದ ಸುದ್ದಿ ಮಾಡಲು ಸಿಂದಗಿ ತಾಲ್ಲೂಕಿನ ಒಂದು ಹೊಲಕ್ಕೆ ಹೋಗಿದ್ದೆ. ಮಾಲೀಕರನ್ನು ನಿಲ್ಲಿಸಿ ನಾಲ್ಕು ಫೋಟೊ ಹೊಡೆದೆ. ಆ ಹೊಲವನ್ನು ಪಾಲಿಗೆ ಮಾಡಿದ್ದ ಮುದುಕಿ ಬದುವಿನ ಮೇಲೆ ನಿಂತಿದ್ದಳು.

‘ನಂದೂ ಒಂದ್ ಹೊಡಿ ತಮ್ಮಾ.’

‘ಉತಾರಿ ನಿನ್ನ ಹೆಸರಿಲೆ ಐತೇನು ಯವ್ವಾ?’

‘ನನ್ನ ಹೆಸರಿಲೆ ಏನೈತೋ ಯಪ್ಪಾ, ಸಾಲ ಅಷ್ಟ.’

ನನ್ನ ಸುದ್ದಿ ಪರಿಹಾರದ್ದು, ಪರಿಹಾರ ಉತಾರಿಯಲ್ಲಿ ಹೆಸರಿದ್ದವರಿಗೆ. ಹೊಡೆಯದೆ ಬಂದೆ.

ಅದು ಮತ್ತೆ ನೆನಪಾದದ್ದು ಎಲಿಜಬೆತ್ ಕ್ಯಾಟ್ಲೆಟ್ ಎಂಬ ಅಮೆರಿಕದ ಕಲಾವಿದೆಯ ಚಿತ್ರವೊಂದನ್ನು ಮೊಬೈಲಿನಲ್ಲಿ ನೋಡಿದಾಗ. 1952ರ ಚಿತ್ರ. ಅಗಲ ಹುಲ್ಲಿನ ಟೋಪಿ, ನೆರೆತ ಕೂದಲು, ಬಿಗಿದ ಮುಖದ ಕಪ್ಪು ಹೆಂಗಸು. ಅಂಗಿಗೆ ಗುಂಡಿ ಇಲ್ಲ, ಒಂದು ಸೇಫ್ಟಿ ಪಿನ್ನು. ಹೆಸರು ‘ಶೇರ್‌ಕ್ರಾಪರ್’. ಅಂದರೆ ಪಾಲಿಗೆ ಮಾಡುವಾಕಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಟ್ಲೆಟ್ ಹುಟ್ಟಿದ್ದು 1915ರಲ್ಲಿ, ವಾಷಿಂಗ್ಟನ್‌ನಲ್ಲಿ. ಅಜ್ಜ-ಅಜ್ಜಿಯರು ಗುಲಾಮಗಿರಿ ಕಂಡವರು. ಕಪ್ಪು ಹುಡುಗಿ ಎಂದು ಕಾರ್ನೆಗಿ ತಾಂತ್ರಿಕ ಸಂಸ್ಥೆ ಸೇರಿಸಿಕೊಳ್ಳಲಿಲ್ಲ. ಅಯೋವಾದಲ್ಲಿ ಓದುವಾಗ ಗ್ರಾಂಟ್ ವುಡ್ ಎಂಬ ಮೇಷ್ಟ್ರು, ನಿನಗೆ ಚೆನ್ನಾಗಿ ಗೊತ್ತಿರುವುದನ್ನೇ ಮಾಡು ಎಂದಿದ್ದರಂತೆ. ಆಕೆಗೆ ಗೊತ್ತಿದ್ದವರು ಕಪ್ಪು ಹೆಂಗಸರು.

1946ರಲ್ಲಿ ಮೆಕ್ಸಿಕೊಕ್ಕೆ ಹೋಗಿ ಅಲ್ಲಿನ ಜನರ ಮುದ್ರಣ ಕಾರ್ಯಾಗಾರ ಸೇರಿದರು. ಕೆಲಸ ಸರಳ: ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆಯುವುದು, ಮೇಲೆ ಮಸಿ ಉರುಳಿಸಿ ಕಾಗದ ಒತ್ತುವುದು. ಕೊರೆದಲ್ಲಿ ಬಿಳಿ, ಬಿಟ್ಟಲ್ಲಿ ಕಪ್ಪು. ಪಂಚಾಯ್ತಿ ಸಿಕ್ಕಾ ಇದ್ದಂತೆ, ಒಂದು ಅಚ್ಚಿನಿಂದ ಬೇಕಾದಷ್ಟು ಪ್ರತಿ. ಕಡಿಮೆ ಖರ್ಚು. ಬಡವರ ಗೋಡೆಗೂ ಅಂಟಿಸಬಹುದು.

ಎಡಪಂಥೀಯರ ಸಹವಾಸವೆಂಬ ಅನುಮಾನ ಅಮೆರಿಕ ಸರ್ಕಾರಕ್ಕೆ. 1962ರಲ್ಲಿ ಮೆಕ್ಸಿಕೊ ಪೌರತ್ವ ಪಡೆದ ಮೇಲೆ ಹುಟ್ಟಿದ ದೇಶಕ್ಕೆ ಬರಲು ವರ್ಷಗಟ್ಟಲೆ ವೀಸಾ ಕೊಡಲಿಲ್ಲ. ಆಕೆ ಮಾತ್ರ ಕೊರೆಯುವುದನ್ನು ಬಿಡಲಿಲ್ಲ. 2012ರಲ್ಲಿ ತೀರಿಕೊಂಡಾಗ 96 ವರ್ಷ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಿನ್ನು. ನಮ್ಮ ಹೆಂಗಸರು ಬಳೆಗೆ ನಾಲ್ಕು ಪಿನ್ನು ಸಿಗಿಸಿಕೊಂಡೇ ಹೊಲಕ್ಕೆ ಹೋಗುವುದು. ಮುಳ್ಳು ತೆಗೆಯಲೂ ಅದೇ, ಹರಿದ ಕುಬಸಕ್ಕೂ ಅದೇ. ಕ್ಯಾಟ್ಲೆಟ್ ಅದನ್ನು ನೋಡಿದ್ದರು, ನೋಡಿ ಕೊರೆದಿದ್ದರು. ಬದುವಿನ ಮೇಲಿದ್ದ ಆ ಅವ್ವನ ಕುಬಸಕ್ಕೂ ಪಿನ್ನು ಇತ್ತೇ? ಎಷ್ಟು ನೆನೆದರೂ ನೆನಪಾಗಲೊಲ್ಲದು. ಫೋಟೊನೂ ಇಲ್ಲ.

ಮತ್ತೆ ಆ ಊರಿಗೆ ಹೋದೆ. ಮನೆಗೆ ಕೀಲಿ ಹಾಕಿತ್ತು. ಮಗನ ಜೋಡಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗ್ಯಾಳ, ಯುಗಾದಿಗೆ ಬರ್ತಾಳ ಅಂದರು ಮಗ್ಗಲ ಮನೆಯವರು.