ನನ್ನ ಎಡಗೈಗೂ ಒಂದು ಸರದಿ

ತವರಿನಲ್ಲಿ ಎಡಗೈಯವರು ಇಬ್ಬರು, ನಾನು ಮತ್ತು ನನ್ನ ತಮ್ಮ. ಊಟಕ್ಕೆ ಕೂತಾಗ ಇಬ್ಬರಿಗೂ ಅಮ್ಮನ ಏಟು ಬೀಳುತ್ತಿತ್ತು. ಬೀದಿಗೆ ಇಳಿದರೆ ಮಾತ್ರ ನ್ಯಾಯವೇ ಬೇರೆ. ತಮ್ಮ ಎಡಗೈಲಿ ಬೌಲಿಂಗ್ ಮಾಡಿದರೆ, "ಭಲೇ, ಎದುರಿನವರಿಗೆ ಆಡೋಕೇ ಬರಲ್ಲ ನೋಡು!" ಎಂದು ಅಪ್ಪ ಬೆನ್ನು ತಟ್ಟುತ್ತಿದ್ದರು. ನಾನು ಎಡಗೈಲಿ ರಂಗೋಲಿ ಎಳೆ ಬಿಟ್ಟರೆ, "ಗಂಡನ ಮನೇಲಿ ಏನಂತಾರೆ?" ಅನ್ನೋ ಮಾತು. ಬಲಗೈಯಲ್ಲಿ ಕಲಿತೆ. ಎಳೆ ಇವತ್ತಿಗೂ ಸೊಟ್ಟ. ಹೈಸ್ಕೂಲಿನಲ್ಲಿ ರಂಗೋಲಿ ಸ್ಪರ್ಧೆಗೆ ಹೆಸರು ಕೇಳಿದಾಗ ತಲೆ ತಗ್ಗಿಸಿ ಕೂತವಳು, ಆಮೇಲೆ ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ. ಪೈಪೋಟಿ ಹೆಂಗಸರ ಸ್ವಭಾವವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈ ಸಮಾಧಾನ ಕೆಡಿಸಿದವಳು ಕಾಲೇಜಿಗೆ ಹೋಗುವ ನನ್ನ ಮಗಳು. ಯೂರಿ ಗ್ನೀಜಿ ಎಂಬ ಅರ್ಥಶಾಸ್ತ್ರಜ್ಞರೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ವಿಷಯವನ್ನು, ನಾನು ಅವರೆಕಾಳು ಹಿಸುಕುತ್ತಿದ್ದಾಗ ಹೇಳಿದಳು. ಆಟ ಬಹಳ ಸರಳ. 3 ಮೀಟರ್ ದೂರದ ಬಕೆಟ್ಟಿಗೆ 10 ಸಲ ಟೆನಿಸ್ ಚೆಂಡು ಎಸೆಯಬೇಕು. ಬಿದ್ದ ಚೆಂಡಿಗೆ ಇಷ್ಟು ಅಂತ ಹಣ ತೆಗೆದುಕೊಳ್ಳಬಹುದು. ಇಲ್ಲವೇ ಇನ್ನೊಬ್ಬರ ಜೊತೆ ಪೈಪೋಟಿಗೆ ನಿಲ್ಲಬಹುದು. ಗೆದ್ದರೆ ಅದರ ಮೂರು ಪಟ್ಟು, ಸೋತರೆ ಬರಿಗೈ. ಗಂಡಸರದೇ ಯಜಮಾನಿಕೆ ಇರುವ ತಾಂಜಾನಿಯಾದ ಮಸಾಯಿಗಳಲ್ಲಿ ಪೈಪೋಟಿ ಆರಿಸಿಕೊಂಡ ಗಂಡಸರು ನೂರಕ್ಕೆ 50, ಹೆಂಗಸರು 26. ನಮ್ಮ ದೇಶದ ಮೇಘಾಲಯದ ಖಾಸಿಗಳಲ್ಲಿ ಮನೆತನ ತಾಯಿಯ ಕಡೆಯಿಂದ, ಮನೆ ಆಸ್ತಿ ಕಿರಿಯ ಮಗಳಿಗೆ. ಅಲ್ಲಿ ಹೆಂಗಸರು 54, ಗಂಡಸರು 39!

"ಹಾಗಾದ್ರೆ ಸ್ವಭಾವ ಎಲ್ಲಿ ಹೋಯ್ತಮ್ಮಾ?" ಅಂದಳು. ಹಿಸುಕುತ್ತಿದ್ದ ಕೈ ಅಲ್ಲೇ ನಿಂತಿತು.

ನನ್ನ ಎಡಗೈ ಕತೆಯೂ ಇದೇ ಅಲ್ಲವೇ ಅನ್ನಿಸಿತು. ಎಡಗೈಯವರು ನೂರಕ್ಕೆ ಸುಮಾರು 10 ಮಂದಿ. ಅಪರೂಪವಾದ್ದರಿಂದ ಆಟದಲ್ಲಿ ಎದುರಾಳಿ ತಬ್ಬಿಬ್ಬಾಗುತ್ತಾನೆ. ಅಪ್ಪ ಹೇಳಿದ್ದು ನಿಜವೇ, ತಮ್ಮನಿಗೆ ಮಾತ್ರ ಹೇಳಿದರು. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ 5 ವಿಕೆಟ್ಟುಗಳನ್ನು ಬರೀ 15 ರನ್ ಕೊಟ್ಟು ಕಿತ್ತದ್ದು ಎಡಗೈ ಸ್ಪಿನ್ನಿನಿಂದಲೇ.

ಕಳೆದ ತಿಂಗಳು ಬಡಾವಣೆಯ ಮಹಿಳಾ ಮಂಡಳಿಯಲ್ಲಿ ಆಟೋಟವಿತ್ತು. ಅದರಲ್ಲೂ ಬಕೆಟ್ಟಿಗೆ ಚೆಂಡು ಹಾಕುವ ಆಟ! ಮಗಳು ಮೊಣಕೈಲಿ ತಿವಿದಳು, ಹೆಸರು ಕೊಟ್ಟೆ. ಸರದಿ ಬಂದಾಗ ಅಭ್ಯಾಸಬಲದಿಂದ ಚೆಂಡು ಬಲಗೈಗೇ ಬಂತು. ಎರಡೂ ಹೊರಗೆ. ಎಡಗೈಗೆ ಬದಲಾಯಿಸಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಉಳಿದ ಮೂರರಲ್ಲಿ ಎರಡು ಒಳಗೆ ಬಿದ್ದವು. ಬಹುಮಾನದ ಸ್ಟೀಲ್ ಡಬ್ಬಿ ಎದುರುಮನೆಯವರ ಪಾಲಾಯಿತು. ಹೊಟ್ಟೆಕಿಚ್ಚಾಯಿತೇ ಅಂತೀರಾ? ಆಯ್ತು, ಸುಳ್ಳೇಕೆ ಹೇಳಲಿ. ಐದನ್ನೂ ಎಡಗೈಲೇ ಎಸೆದಿದ್ದರೆ ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿದೆ.

ನಿಮ್ಮನೆ ಪುಟ್ಟಿ ಎಡಗೈಲಿ ಬಳಪ ಹಿಡಿದರೆ ಕೈ ಮೇಲೆ ಹೊಡೀಬೇಡಿ ಅಕ್ಕಾ. ನಾನಂತೂ ಹಿತ್ತಲಲ್ಲಿ ಹಳೇ ಬಕೆಟ್ ಇಟ್ಟಿದ್ದೇನೆ. ಪಾತ್ರೆ ತೊಳೆದಾದ ಮೇಲೆ ದಿನಾ ಹತ್ತು ಚೆಂಡು, ಎಡಗೈಯಲ್ಲೇ. ಮುಂದಿನ ವರ್ಷದ ಡಬ್ಬಿ ಯಾರಿಗೆ ಹೋಗುತ್ತೋ ನೋಡೋಣ!