ಏನಂತ ಕರೀಲಿ?

ಸೋದರಿಯರೇ, ‘ಮಲತಾಯಿ ಧೋರಣೆ’ ಎಂಬ ಮಾತನ್ನು ಪತ್ರಿಕೆಯಲ್ಲಿ ಓದದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಮ್ಮ ಕಲಬುರಗಿ ಕಡೆಗಂತೂ ಅದು ದಿನಬಳಕೆಯ ಮಾತು. ರೈಲು ಬರಲಿಲ್ಲವೆಂದರೆ ಮಲತಾಯಿ ಧೋರಣೆ, ನೀರಾವರಿಗೆ ಹಣ ಸಾಲಲಿಲ್ಲವೆಂದರೆ ಮಲತಾಯಿ ಧೋರಣೆ. 2012ರ ಕೊನೆಗೆ ಸಂಸತ್ತು 371(ಜೆ) ಕಲಮಿಗೆ ಒಪ್ಪುವ ತನಕ ಭಾಷಣಗಳಲ್ಲೆಲ್ಲ ಇದನ್ನು ಕೇಳಿದ್ದೇವೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾದ ಮೇಲೂ ಅದು ನಿಂತಿಲ್ಲ. ಹೇಳುವವರಿಗೆ ಅದೊಂದು ಮಾತು ಅಷ್ಟೆ. ಆದರೆ ಆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಮನೆಯಲ್ಲಿ ನಿಜವಾದ ಮಲತಾಯಿಯೊಬ್ಬಳು ರೊಟ್ಟಿ ಬಡಿಯುತ್ತ ಕೂತಿದ್ದರೆ? ನಾನು ಅಂಥವಳು. ಆ 2012ರಲ್ಲೇ ನಾನು ಎರಡನೇ ಸಲ ಮದುವೆಯಾಗಿ, ಎಂಟು ವರ್ಷದ ಹುಡುಗಿಯೊಬ್ಬಳಿದ್ದ ಮನೆಗೆ ಬಂದೆ.

ನನ್ನ ತವರು ಕಮಲಾಪುರ. ಹುಮನಾಬಾದ್ ರಸ್ತೆಗೆ ಬಸ್ಸಿನಲ್ಲಿ ಹೋದವರಿಗೆ ಅಲ್ಲಿನ ಕೆಂಪು ಬಾಳೆಹಣ್ಣು ಗೊತ್ತಿರಲೇಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ, 2000ದಲ್ಲಿ ಮದುವೆಯಾಯಿತು. ಏಳು ವರ್ಷ ಮಕ್ಕಳಾಗಲಿಲ್ಲ. ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ ಎಂದರೆ ಆ ಮನೆಯವರು ಒಪ್ಪಲಿಲ್ಲ. ಪರೀಕ್ಷೆ ಯಾಕೆ, ದೋಷ ಹೆಣ್ಣಿನದೇ ಎಂದು ಅವರಿಗೆ ಮೊದಲೇ ತಿಳಿದಿತ್ತಲ್ಲ! ಪೆಟ್ಟಿಗೆ ಹಿಡಿದು ತವರಿಗೆ ಬಂದೆ. ಕೋರ್ಟಿನ ಕತೆ ಉದ್ದ ಬರೆಯುವುದಿಲ್ಲ. ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವ ಅವಕಾಶ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆ ಇದ್ದು ಅರ್ಜಿ ಹಾಕಬೇಕು, ಆಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ಈ ಆರು ತಿಂಗಳನ್ನು ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ನನ್ನದು 2010ರಲ್ಲಿ ಮುಗಿಯಿತು, ಹಾಗಾಗಿ ಪೂರ್ತಿ ಕಾದೆ.

ಮತ್ತೆ ಮದುವೆ ಎಂದಾಗ ನಮ್ಮ ಆಯಿ, “ಅದಕ್ಯಾಕ ಇಷ್ಟು ಗದ್ದಲಾ? ನಮ್ಮ ಕಾಲಕ್ಕ ಉಡಕಿ ಮಾಡಿ ಕೊಡತಿದ್ರು” ಎಂದಳು. ನಿಜ, ಈ ಸೀಮೆಯ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತವಳಿಗೆ, ಬಿಟ್ಟವಳಿಗೆ ಉಡಕಿ ಎಂಬ ದಾರಿ ಮೊದಲಿನಿಂದ ಇತ್ತು. ಆದರೆ ಹೇಗೆ? ವಾದ್ಯವಿಲ್ಲ, ಹಂದರವಿಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಸೀರೆ ಉಡಿಸಿ ಕಳಿಸುವುದು. ಆಮೇಲೆ ಅವಳನ್ನು ಆರತಿಗೆ ಕರೆಯುವುದಿಲ್ಲ. ಬಾಳು ಕೊಟ್ಟು ಮುಖ ಮುಚ್ಚಿಸಿದ ಹಾಗೆ. ನಾನು ಹಟ ಹಿಡಿದೆ, ಹಗಲಿಗೇ ಆಗಲಿ ಎಂದು. ಶರಣಬಸವೇಶ್ವರ ಗುಡಿಯಲ್ಲಿ ಹದಿನೈದು ಜನರ ಮುಂದೆ ಹಾರ ಹಾಕಿಸಿಕೊಂಡೆ.

ನಮ್ಮ ಮನೆ ಕೋಟೆಯ ಕಂದಕದ ಹತ್ತಿರದ ಓಣಿಯಲ್ಲಿದೆ. ನಮ್ಮ ಮನೆಯವರು ತೊಗರಿಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೂ ವಿಚ್ಛೇದನವಾಗಿತ್ತು. ಹುಡುಗಿಯ ತಾಯಿ ಸೊಲ್ಲಾಪುರದಲ್ಲಿ ನೌಕರಿ ಹಿಡಿದಿದ್ದಳು. ಹುಡುಗಿ ಅಪ್ಪನ ಹತ್ತಿರ ಇರಲಿ, ರಜೆಗೆ ಅಲ್ಲಿ, ರವಿವಾರ ಸಂಜೆ ಫೋನು, ಎಂದು ಇಬ್ಬರಲ್ಲೂ ಮಾತಾಗಿತ್ತು.

ಇಲ್ಲೇ ನೋಡಿ, ನಾನು ತಿಳಿಯದೆ ಹೋದದ್ದು. ನಮ್ಮ ಕತೆಗಳಲ್ಲೆಲ್ಲ ಮಲತಾಯಿ ಬರುವುದು ತಾಯಿ ಸತ್ತ ಮನೆಗೆ. ವಿಚ್ಛೇದನದ ಮನೆಯಲ್ಲಿ ತಾಯಿ ಇರುತ್ತಾಳೆ. ಆ ಜಾಗ ಖಾಲಿ ಇಲ್ಲ. ನಾನೋ, ಹನ್ನೆರಡು ವರ್ಷ ‘ಬಂಜೆ’ ಎಂದು ಕೇಳಿಸಿಕೊಂಡು ಬಂದವಳು, ಒಂದು ಮಗು ಸಿಕ್ಕಿತೆಂದು ಉಡಿ ಒಡ್ಡಿಕೊಂಡೇ ಬಂದಿದ್ದೆ.

ಅತ್ತೆ ಮೊದಲ ದಿನವೇ ಹುಡುಗಿಯನ್ನು ಮುಂದೆ ನಿಲ್ಲಿಸಿ, “ಅವ್ವಾ ಅನ್ನು” ಎಂದರು. ಹುಡುಗಿ ಬಾಯಿ ಬಿಡಲಿಲ್ಲ. ಅತ್ತೆ ಬೈದರು. ನಾನು ತಡೆಯಬೇಕಿತ್ತು, ತಡೆಯಲಿಲ್ಲ. ಅನ್ನಲಿ ಎಂಬ ಆಸೆ ನನಗೂ ಇತ್ತಲ್ಲ. ಅವಳು ನನ್ನನ್ನು ಏನೂ ಕರೆಯದೇ ಒಂದು ವರ್ಷ ಕಳೆದಳು. “ಇಲ್ನೋಡ್ರಿ”, “ಅಪ್ಪ ಕರೀಲಾಕತ್ಯಾನ” ಇಷ್ಟೇ. ತವರಿನಿಂದ ಕೆಂಪು ಬಾಳೆಹಣ್ಣು ತಂದುಕೊಟ್ಟರೆ, “ನಮ್ಮ ಮಮ್ಮಿಗಿ ಇದು ಸೇರಂಗಿಲ್ಲ” ಎಂದು ತಟ್ಟೆ ಸರಿಸುತ್ತಿದ್ದಳು. ಶಾಲೆಯ ಹಾಳೆಯೊಂದಕ್ಕೆ ಸಹಿ ಹಾಕಲು ಹೋದಾಗ ಗುಮಾಸ್ತರು, “ನೀವು ಏನಾಗಬೇಕ್ರಿ?” ಎಂದರು. ಆಮೇಲೆ ವಕೀಲರಿಂದ ತಿಳಿಯಿತು, 1956ರ ಹಿಂದೂ ಪಾಲಕತ್ವ ಕಾಯ್ದೆಯಲ್ಲಿ ‘ತಂದೆ, ತಾಯಿ’ ಎಂದರೆ ಮಲತಂದೆ, ಮಲತಾಯಿ ಸೇರುವುದಿಲ್ಲವೆಂದು ಸ್ಪಷ್ಟವಾಗಿಯೇ ಬರೆದಿದೆಯಂತೆ. ಜ್ವರ ಬಂದ ರಾತ್ರಿ ಹಣೆಗೆ ತಣ್ಣೀರು ಬಟ್ಟೆ ಇಡಲು ಕಾಯ್ದೆ ಬೇಕಿಲ್ಲ. ಆದರೆ ಆ ದಿನ ಶಾಲೆಯಿಂದ ಮನೆಗೆ ಬರುವಾಗ ಕಾಲೆಳೆದುಕೊಂಡೇ ಬಂದೆ.

ಈಗ ಬರೆಯುವುದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಮರುವರ್ಷದ ಶ್ರಾವಣದಲ್ಲಿ, ಒಂದು ರವಿವಾರ. ಹುಡುಗಿಗೆ ಆ ದಿನ ನಾನು ತಲೆಗೆ ಎಣ್ಣೆ ಹಚ್ಚಿ ಎರೆದು ಜಡೆ ಹಾಕಿದ್ದೆ, ಮೊದಲ ಸಲ ಸುಮ್ಮನೆ ಹಾಕಿಸಿಕೊಂಡಿದ್ದಳು. ನನ್ನ ಎದೆ ತುಂಬಿತ್ತು. ಏಳು ಗಂಟೆಗೆ ಫೋನು ಬಂತು. ಅವಳು ಒಳಗಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತಿದ್ದಳು.

“ಪಾಪು ಏನ್ ಮಾಡ್ಲಾಕತ್ಯಾಳ್ರಿ?”

“ಮಲಗ್ಯಾಳ್ರಿ” ಎಂದೆ.

“ಇಷ್ಟು ಲಗೂನ?”

“ದಣದಿದ್ಳು.”

ಫೋನು ಇಟ್ಟು ತಿರುಗಿದರೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಜಡೆಯ ರಿಬ್ಬನ್ನು ಬಿಚ್ಚಿ ಗೂಡಿನಲ್ಲಿ ಇಟ್ಟು ಒಳಗೆ ಹೋದಳು.

ಆಮೇಲೆ ನನ್ನ ಕೈಯ ರೊಟ್ಟಿ ಅವಳಿಗೆ ಬೇಡವಾಯಿತು. ಆಯಿ ಹಾಕಿದರೆ ಉಣ್ಣುವಳು. ರವಿವಾರ ಬಂತೆಂದರೆ ನಾಲ್ಕು ಗಂಟೆಯಿಂದಲೇ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂಡುವಳು. ಮನೆಯವರಿಗೆ ಹೇಳಲು ನನಗೆ ಹದಿನೈದು ದಿನ ಬೇಕಾದವು. ಅವರು ಬೈಯಲಿಲ್ಲ. “ನನಗ ಹೇಳಿ ಏನ್ ಮಾಡ್ತಿ? ಆಕೀಗಿ ಹೇಳು” ಎಂದರು.

ದೊಡ್ಡವರು ಸಣ್ಣವರಿಗೆ ತಪ್ಪಾಯಿತು ಎನ್ನುವ ರೂಢಿ ನಮ್ಮಲ್ಲಿ ಎಲ್ಲಿದೆ ಹೇಳಿ? ನನಗೆ ನನ್ನ ಅಪ್ಪ ಅಂದದ್ದಿಲ್ಲ, ಅತ್ತೆ ಅಂದದ್ದಿಲ್ಲ. ಮಾಳಿಗೆ ಮೇಲೆ ಬಟ್ಟೆ ಒಣಹಾಕುವ ನೆವ ಮಾಡಿ ಅವಳನ್ನು ಕರೆದೆ. ಅಲ್ಲಿಂದ ಕೋಟೆಯೊಳಗಿನ ಜಾಮಿ ಮಸೀದಿಯ ಗುಮ್ಮಟಗಳು ಕಾಣುತ್ತವೆ. ಅವನ್ನೇ ನೋಡುತ್ತ, ಅವಳ ಮುಖ ನೋಡಲಾಗದೆ ಹೇಳಿದೆ. “ಅವತ್ತ ನಾ ಸುಳ್ಳು ಹೇಳ್ದೆ. ನಿಮ್ಮ ಮಮ್ಮಿ ಮ್ಯಾಲ ಹೊಟ್ಟಿಕಿಚ್ಚು ಬಂದಿತ್ತು. ತಪ್ಪಾತು.”

ಬಹಳ ಹೊತ್ತು ಸುಮ್ಮನಿದ್ದು, “ಮಮ್ಮಿಗೂ ಹೇಳ್ರಿ” ಎಂದಳು.

ಒಂಬತ್ತು ವರ್ಷದ ಮಗು! ಆ ರವಿವಾರ ನಾನೇ ಸೊಲ್ಲಾಪುರಕ್ಕೆ ಫೋನು ಹಚ್ಚಿದೆ. ಸವತಿ ಅಲ್ಲ, ತಂಗಿ ಅಲ್ಲ, ಅವಳಿಗೆ ನಾನು ಏನೂ ಅಲ್ಲ. ಹೇಳಿ ಮುಗಿಸಿದೆ. ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಕೊನೆಗೆ, “ಆ ದಿನಾ ನಾ ಇಡೀ ರಾತ್ರಿ ಮಲಗಿಲ್ರಿ. ಮಗಳು ನನ್ನ ಮರೀಲಾಕತ್ಯಾಳ ಅಂತ ತಿಳಕೊಂಡಿದ್ದೆ” ಎಂದಳು. ಮುಂದೆ ಮಾತಾಡಲಿಲ್ಲ, ಇಟ್ಟುಬಿಟ್ಟಳು. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಕರೆಯುವ ಹೆಸರಿನ ಗಂಟು ಬಿಡಿಸಿದವರು ಎದುರು ಮನೆಯ ಖಾಲಾ. ಎಪ್ಪತ್ತು ದಾಟಿದವರು, ಓಣಿಯ ಹಿಂದೂ ಮುಸ್ಲಿಂ ಮಕ್ಕಳೆಲ್ಲ ಅವರಿಗೆ ಖಾಲಾ ಎನ್ನುವುದೇ. ಒಂದು ದಿನ ಹಪ್ಪಳ ಒಣಹಾಕುತ್ತ ನನ್ನ ಸಂಕಟ ಹೇಳಿಕೊಂಡೆ. ಅವರು ನಕ್ಕರು. “ಖಾಲಾ ಅಂದ್ರ ಅವ್ವನ ತಂಗಿ. ನಾ ಇಲ್ಲಿ ಯಾರ ಅವ್ವಗೂ ತಂಗಿ ಅಲ್ಲ. ಅಂತಾರಲ್ಲ ಮಂದಿ? ಅವ್ವಾ ಅನ್ನಸ್ಕೋಬೇಕಂತ ಯಾಕ ಹಟಾ ಬೇಟಿ, ಆ ಕುರ್ಚಿ ಮ್ಯಾಲ ಒಬ್ಬಾಕಿ ಕುಂತಾಳ. ನೀ ಬಾಜೂಕ ಕೂಡು” ಎಂದರು.

ಮನೆಗೆ ಬಂದು ಹುಡುಗಿಗೆ, “ನಿನಗ ತಿಳಿದಂಗ ಕರಿ. ಕರೀದಿದ್ರೂ ನಡೀತದ” ಎಂದೆ. ಅತ್ತೆಗೂ ಇನ್ನು ಒತ್ತಾಯ ಬೇಡವೆಂದು ಕೈಮುಗಿದೆ. ತಾಯಿಯ ಫೋಟೊ ಪೆಟ್ಟಿಗೆ ತಳದಲ್ಲಿತ್ತು, ತೆಗೆದು ಹುಡುಗಿಯ ಪುಸ್ತಕದ ಗೂಡಿನಲ್ಲಿ ಇಟ್ಟೆ. ಬೈಯುವ ಕೆಲಸ ಅಪ್ಪನಿಗೆ ಬಿಟ್ಟೆ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ, ಕೈ ಸುಟ್ಟ ಮೇಲೆ ಕಲಿತದ್ದು.

“ಸಣ್ಣವ್ವಾ” ಎಂದು ಕರೆದದ್ದು ಅವಳು ಆರನೆತ್ತೆಯಲ್ಲಿದ್ದಾಗ, ಎಳ್ಳಮಾಸಿಯ ದಿನ. ಕಮಲಾಪುರದಲ್ಲಿ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಭಜ್ಜಿ, ಸಜ್ಜಿರೊಟ್ಟಿ ಉಂಡು ಮಕ್ಕಳು ಆಡುತ್ತಿದ್ದರು. ಕಾಲಿಗೆ ಮುಳ್ಳು ನಟ್ಟು ಕೂಗಿದಳು, ಅಷ್ಟೇ. ಕೂಗಿದ ಮೇಲೆ ಅವಳಿಗೇ ಆಶ್ಚರ್ಯ. ನಾನು ಕೇಳಿಸಿಕೊಳ್ಳದವಳ ಹಾಗೆ ಮುಳ್ಳು ತೆಗೆದೆ. ಆ ದಿನ ನಮ್ಮಣ್ಣ ಬಾಳೆತೋಟ ತೋರಿಸುತ್ತ, ಈ ಕೆಂಪು ಬಾಳೆ ಗೊನೆ ಕೈಗೆ ಬರಲು ಒಂದೂವರೆ ವರ್ಷ ಹಿಡಿಯುತ್ತದೆ, ಅದಕ್ಕೇ ಬೆಳೆಯುವವರು ಕಡಿಮೆಯಾದರು ಎಂದು ಗೊಣಗುತ್ತಿದ್ದ. ಹುಡುಗಿ ಒಂದು ಹಣ್ಣು ತಿಂದಳು. ಸೇರಿತೋ ಇಲ್ಲವೋ ಹೇಳಲಿಲ್ಲ.

ನಿಮ್ಮಲ್ಲಿ ನನ್ನಂಥವರಿದ್ದರೆ ಒಂದು ಮಾತು. ಕಾಯ್ದೆಯ ಪ್ರಕಾರ ಮಲಮಕ್ಕಳು ನಮ್ಮ ಹೊಟ್ಟೆಯ ಮಕ್ಕಳ ಸಾಲಿಗೆ ಬರುವುದಿಲ್ಲ, ಗಂಡನ ವಾರಸುದಾರರಾಗಿ ಹಿಂದಿನಿಂದ ಬರುತ್ತಾರೆ. ನನ್ನ ತವರಿನ ನಾಲ್ಕು ತೊಲೆ ಬಂಗಾರ ಅವಳಿಗೇ ಎಂದು ಮೃತ್ಯುಪತ್ರ ಬರೆಸಿಟ್ಟಿದ್ದೇನೆ. ಬಾಯಿಮಾತು ಸಾಲದು.

ಈಗ ಅವಳಿಗೆ 21. ಡಿಗ್ರಿ ಮುಗಿಸಿ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ನನ್ನನ್ನು ಇಂದಿಗೂ ಅವ್ವಾ ಎಂದಿಲ್ಲ, ಮಮ್ಮಿ ಒಬ್ಬಳೇ. ಒಮ್ಮೊಮ್ಮೆ ಆ ಆಸೆ ಇಣುಕುವುದುಂಟು, ಸುಳ್ಳೇಕೆ ಹೇಳಲಿ? ಹೋದ ರವಿವಾರ ಮಧ್ಯಾಹ್ನ ಅವಳ ಫೋನು ಬಂದಿತ್ತೆಂದು ಕಾಣುತ್ತದೆ, ಎತ್ತಿಲ್ಲ. ಸೊಲ್ಲಾಪುರದಿಂದ ನನ್ನ ಫೋನಿಗೆ ಬಂತು. “ಪಾಪು ಎಲ್ಲಿದ್ದಾಳ್ರಿ?” ರಾತ್ರಿಯೆಲ್ಲ ಓದಿ ಆಗಷ್ಟೇ ಅಡ್ಡಾಗಿದ್ದಳು. “ಮಲಗ್ಯಾಳ್ರಿ” ಎಂದೆ, ಅಂದವಳೇ, “ತಡೀರಿ, ಎಬ್ಬಸ್ತೀನಿ” ಎಂದು ಒಳಗೆ ಓಡಿದೆ. ಎಚ್ಚರಾಗಿ ಸಿಟ್ಟು ಮಾಡಿ, “ಸಣ್ಣವ್ವಾ, ಅರ್ಧಾ ತಾಸು ಬಿಟ್ಟು ಎಬ್ಬಸ್ಲಿಕ್ಕೆ ಬರತಿದ್ದಿಲ್ಲೇನು?” ಎಂದು ನನ್ನ ಕೈಯಿಂದ ಫೋನು ಕಸಿದುಕೊಂಡಳು.